ಒಂದೇ ಕತೆ, ಎರಡು ಭಾಷೆ: ನಾನು ದಾರಿ ಕಂಡುಕೊಂಡ ಬಗೆ

"ಒಂದು ಭಾಷೆ ಹಿಡ್ಕೋ, ಇನ್ನೊಂದು ಬಿಡು." ಹೊರದೇಶಕ್ಕೆ ಬಂದ ಈ ಸುಮಾರು 14 ವರ್ಷದಲ್ಲಿ ಈ ಮಾತನ್ನು ಎಷ್ಟು ಜನ ಹೇಳಿದರೋ ಲೆಕ್ಕವಿಲ್ಲ. ಒಬ್ಬ ಗೆಳೆಯನಂತೂ ಕಾದಂಬರಿಕಾರ ಜೋಸೆಫ್ ಕಾನ್ರಾಡ್‌ನನ್ನೇ ಎಳೆದು ತಂದ. ಪೋಲಿಷ್ ಮನೆಮಾತಿನವನು, ಇಪ್ಪತ್ತು ದಾಟಿದ ಮೇಲೆ ಇಂಗ್ಲಿಷ್ ಕಲಿತು ಅದರಲ್ಲೇ ಬರೆದ, ನೀನೂ ಹಾಗೆ ಮಾಡು ಅಂದ. ಫ್ರೆಂಚಿನಲ್ಲಿ ಬರೆದು ತಾನೇ ಇಂಗ್ಲಿಷಿಗೆ ತಂದ ಐರಿಷ್ ಲೇಖಕ ಸ್ಯಾಮ್ಯುಯೆಲ್ ಬೆಕೆಟ್ ಕೂಡ ಇದ್ದನಲ್ಲ ಅಂದೆ. ಅವನು ಒಪ್ಪಲಿಲ್ಲ. ಈಗ ಒಪ್ಪುತ್ತಾನೆ, ಯಾಕಂದರೆ ನನ್ನ ಕತೆಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಅಚ್ಚಾಗುತ್ತಿವೆ.

ಮೊದಲ ಆರೇಳು ವರ್ಷ ಪೂರ್ತಿ ದಂಡ. ಕನ್ನಡದಲ್ಲಿ ಬರೆದು ಸಾಲು ಸಾಲಾಗಿ ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಒಂದು ಕತೆಯಲ್ಲಿ ಪಕ್ಕದ ಮನೆಯಾಕೆ "ಅವನು ರಾತ್ರಿ ಮತ್ತೆ ಬಂದಿದ್ದನಂತೆ" ಅನ್ನುತ್ತಾಳೆ. ನಾನು ನೋಡಿಲ್ಲ, ಯಾರೋ ಹೇಳಿದರು, ಸುಳ್ಳಾದರೆ ನನ್ನ ತಲೆಗೆ ಕಟ್ಟಬೇಡಿ ಅನ್ನುವುದೆಲ್ಲ ಆ ಒಂದು 'ಅಂತೆ'ಯಲ್ಲಿದೆ. ಇಂಗ್ಲಿಷಿನಲ್ಲಿ ಅದನ್ನು ಬಿಡಿಸಿ ಬರೆದಾಗ ಅವಳು ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಹಾಗಾಯಿತು. ಅಣ್ಣ, ತಮ್ಮ ಇಬ್ಬರೂ ಬ್ರದರ್ ಆಗುವ ಕಷ್ಟ ನಿಮಗೆ ಗೊತ್ತೇ ಇದೆ, ಅಲ್ವಾ?

ಆಮೇಲೆ ಅನುವಾದಕರೊಬ್ಬರಿಗೆ ಕೊಟ್ಟೆ. ಹೆಚ್ಚುಕಡಿಮೆ ಎರಡು ತಿಂಗಳ ಮನೆ ಬಾಡಿಗೆಯಷ್ಟು ಹೋಯಿತು. ಕೆಲಸ ಅಚ್ಚುಕಟ್ಟಾಗಿತ್ತು, ಆದರೆ ದನಿ ನನ್ನದಾಗಿರಲಿಲ್ಲ. ಅದನ್ನು ಕಳಿಸಿದ ಕಡೆಯಿಂದೆಲ್ಲ ವಾಪಸ್ ಬಂತು. ಅದಕ್ಕಿಂತ ಜಾಸ್ತಿ ನೋವಾದದ್ದು ಕನ್ನಡದ ಕಡೆಯಿಂದ. ನನ್ನ ಕನ್ನಡ ಕತೆ ಓದಿದ ಹುಡುಗಿಯೊಬ್ಬಳು "ಈಗ ಯಾರೂ ಹೀಗೆ ಮಾತಾಡಲ್ಲ" ಅಂದಳು. ನಿಜ. ನಾನು ಊರು ಬಿಟ್ಟ ದಿನದ ಕನ್ನಡವೇ ನನ್ನ ಬಾಯಲ್ಲಿ ಹಾಗೇ ಉಳಿದುಬಿಟ್ಟಿತ್ತು. ಅವತ್ತಿನಿಂದ ವಾರಕ್ಕೆ ಎರಡು ಸಲ ನನಗಿಂತ ಚಿಕ್ಕವರ ಜೊತೆ ಫೋನಿನಲ್ಲಿ ಸುಮ್ನೆ ಹರಟುತ್ತೇನೆ.

ಈಗ ಮಾಡುವುದು ಇಷ್ಟು. ಮೊದಲ ಕರಡು ಕನ್ನಡದಲ್ಲಿ, ಕೈಬರಹದಲ್ಲಿ. ಅದನ್ನು ಡ್ರಾಯರಿಗೆ ಹಾಕಿ ಹತ್ತು ದಿನ ಮುಟ್ಟುವುದಿಲ್ಲ. ಆಮೇಲೆ ಹಾಳೆ ನೋಡದೆ ಅದೇ ಕತೆಯನ್ನು ಇಂಗ್ಲಿಷಿನಲ್ಲಿ ಹೊಸದಾಗಿ ಹೇಳುತ್ತೇನೆ. ಮೂರು ದಿನಕ್ಕೆ ತೆಗೆದರೆ ಕನ್ನಡದ ವಾಕ್ಯಗಳು ಇನ್ನೂ ಕಿವಿಯಲ್ಲೇ ಇರುತ್ತವೆ, ಮತ್ತೆ ಅನುವಾದವೇ ಆಗುತ್ತದೆ. ತಿಂಗಳು ಬಿಟ್ಟರೆ ಕತೆಯ ಬಿಸಿಯೇ ಆರಿರುತ್ತದೆ. ಎರಡನ್ನೂ ಮಾಡಿ ಕೆಟ್ಟಿದ್ದೇನೆ. ಹತ್ತು ದಿನ ಬಿಟ್ಟು ಹೇಳಿದ ಇಂಗ್ಲಿಷ್ ಕತೆಯನ್ನು ಕನ್ನಡದ ಕರಡಿನ ಪಕ್ಕ ಇಟ್ಟರೆ ಮೂರರಲ್ಲಿ ಒಂದು ಪಾಲು ಬೇರೆಯೇ ಆಗಿರುತ್ತದೆ. ಆ ಒಂದು ಪಾಲೇ ನನ್ನ ಬಂಡವಾಳ.

ಹೀಗೆ ಹೇಳಿದಾಗ ಆ ಕತೆಯ ಪಕ್ಕದ ಮನೆಯಾಕೆ ಇಂಗ್ಲಿಷಿನಲ್ಲಿ ಮಾತಾಡುವ ಮೊದಲು ರಸ್ತೆಯ ಆಚೆ ಈಚೆ ನೋಡಿದಳು, ದನಿ ತಗ್ಗಿಸಿದಳು. ಅದು ತಾನಾಗಿ ಬಂತು. ಖುಷಿಯಲ್ಲಿ ಕನ್ನಡಕ್ಕೂ ಸೇರಿಸಿದೆ, ಭಾರವಾಯಿತು, ತೆಗೆದೆ. ಅಲ್ಲಿ 'ಅಂತೆ' ಒಂದೇ ಸಾಕು.

ಇಂಗ್ಲಿಷಿನಲ್ಲಿ ಹೇಳುವಾಗ ಎದುರಿಗೆ ಯಾರನ್ನು ಕೂರಿಸಿಕೊಳ್ಳುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದು ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ನಡೆಯುತ್ತಾ ಫೋನಿಗೆ ಕತೆ ಹೇಳಿ ರೆಕಾರ್ಡ್ ಮಾಡಿದೆ. ಎರಡು ಭಾಷೆ ಬೆರೆತ ಮಾತನ್ನು ಫೋನು ಅಕ್ಷರಕ್ಕೆ ಇಳಿಸಲಾರದೆ ಏನೇನೋ ಬರೆಯಿತು. ಆದರೆ ಕೂತು ಕೇಳಿದಾಗ ಒಂದು ವಿಷಯ ಸಿಕ್ಕಿತು: ಸಿಟ್ಟು ಬಂದರೆ ಕನ್ನಡಕ್ಕೆ ಹೊರಳುತ್ತೇನೆ, ದುಡ್ಡಿನ ಮಾತಿಗೆ ಇಂಗ್ಲಿಷಿಗೆ. ಈಗ ಪಾತ್ರಗಳ ಜಗಳ ಬರೆಯುವಾಗ ಅದು ತುಂಬಾ ಉಪಯೋಗಕ್ಕೆ ಬರುತ್ತದೆ.

ಹೋದ ವರ್ಷ ಎಂಟು ಕತೆ ಕಳಿಸಿದೆ, ಐದನ್ನು ತೆಗೆದುಕೊಂಡರು. ಅನುವಾದಕ್ಕೆ ಸುರಿದ ದುಡ್ಡು ಅರ್ಧದಷ್ಟು ವಾಪಸ್ ಬಂದಿದೆ. ಒಂಬತ್ತನೆಯದು ಡ್ರಾಯರಿನಲ್ಲಿದೆ, ಇವತ್ತಿಗೆ ಆರನೇ ದಿನ.