ಜಿಪ್ಸಿ ಎತ್ತರಿಸಿದ ಮೇಲೆ ಸ್ಟೀರಿಂಗ್ ಹದಕ್ಕೆ ತಂದಿದ್ದು

ಗಾಡಿ ಎತ್ತರಿಸಿದ ಮೇಲೆ ಸ್ಟೀರಿಂಗ್ ತಂಟೆ ಶುರುವಾದರೆ ನಮ್ಮ ಕಡೆ ಜನ ಮೊದಲು ಓಡುವುದು ಅಲೈನ್‌ಮೆಂಟ್ ಮೆಷಿನ್ ಹತ್ತಿರ. ಅಲ್ಲೂ ಸರಿಹೋಗದಿದ್ದರೆ ಒಂದು ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗಿನ ನಡುಕ ಹೀರುವ ಶಾಕ್ ಅಬ್ಸಾರ್ಬರ್) ಹಾಕಿಸಿಬಿಡುತ್ತಾರೆ. ನನ್ನ ಕೇಳಿದರೆ ಇವೆರಡೂ ಕೊನೆಗೆ ಬರುವ ಕೆಲಸ. ಮೊದಲು ಸಡಿಲ ಎಲ್ಲಿದೆ ಹುಡುಕಬೇಕು. ಆಮೇಲೆ ಕ್ಯಾಸ್ಟರ್ (ಮುಂದಿನ ಗಾಲಿ ತಿರುಗುವ ಕೀಲು ಹಿಂದಕ್ಕೆ ವಾಲಿರುವ ಓರೆ), ಆಮೇಲೆ ಟೋ (ಮುಂದಿನ ಎರಡು ಗಾಲಿಗಳ ಮೂತಿ ಒಳಕ್ಕೆ ಎಷ್ಟು ತಿರುಗಿದೆ ಅನ್ನುವುದು). ಸ್ಟೀರಿಂಗ್ ಚಕ್ರ ನೇರ ಮಾಡುವುದು ಎಲ್ಲಕ್ಕಿಂತ ಕೊನೆಗೆ. ಇದು ಹಿಂದುಮುಂದಾದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ.

ನನ್ನದು ಮಾರುತಿ ಜಿಪ್ಸಿ, 1.3 ಲೀಟರ್ ಪೆಟ್ರೋಲ್. ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸೆಲ್ (ಎರಡು ಗಾಲಿ ಕೂಡಿಸುವ ಒಂದೇ ಅಚ್ಚು), ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್). ಪವರ್ ಸ್ಟೀರಿಂಗ್ ಇಲ್ಲ. ಇರುವುದು ಕಲಬುರಗಿಯಲ್ಲಿ, ಓಡಾಟ ಚಿಂಚೋಳಿ ಕಡೆಯ ಹೊಲಗಳಿಗೆ. ಮಳೆಗಾಲದಲ್ಲಿ ಎರೆಹೊಲದ ಬಂಡಿದಾರಿ ಹೇಗಿರುತ್ತದೆ ಗೊತ್ತಲ್ವಾ? ಎರಡು ಕಡೆ ಟ್ರ್ಯಾಕ್ಟರ್ ಗಾಲಿ ಕೊರೆದ ತಗ್ಗು, ನಡುವೆ ದಿಬ್ಬ. ಆ ದಿಬ್ಬಕ್ಕೆ ಡಿಫರೆನ್ಷಿಯಲ್ (ಆಕ್ಸೆಲ್ ಮೇಲಿನ ಗೇರುಗಳ ಗುಂಡು) ಉಜ್ಜುತ್ತಿತ್ತು. ಕಮಾನ್ ಎತ್ತರಿಸಿದ ಮಾತ್ರಕ್ಕೆ ಡಿಫರೆನ್ಷಿಯಲ್ ಮೇಲೇಳುವುದಿಲ್ಲ, ಅದನ್ನು ಎತ್ತುವುದು ದೊಡ್ಡ ಟೈರ್ ಮಾತ್ರ. ಆ ಟೈರಿಗೆ ಜಾಗ ಬೇಕು, ಅದಕ್ಕೇ ಲಿಫ್ಟ್. ಕಮಾನಿನ ಬಾಗು ಹೆಚ್ಚಿಸಿ ಒಂದೊಂದು ಪಟ್ಟಿ ಸೇರಿಸಿದೆವು. ಜೊತೆಗೆ ಮೊದಲಿನದಕ್ಕಿಂತ ಎರಡು ಇಂಚು ಉದ್ದದ ಶಾಕಲ್ (ಕಮಾನಿನ ಒಂದು ತುದಿಯನ್ನು ಚಾಸಿಗೆ ಕೂಡಿಸುವ ಕೊಂಡಿ) ಹಾಕಿದೆವು. ಶಾಕಲ್ ಎರಡು ಇಂಚು ಉದ್ದವಾದರೆ ಗಾಡಿ ಏಳುವುದು ಒಂದೇ ಇಂಚು, ಯಾಕಂದರೆ ಕಮಾನಿನ ಇನ್ನೊಂದು ತುದಿ ಇದ್ದಲ್ಲೇ ಇರುತ್ತದೆ. (ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಒಂದು ಮಾತು ಕೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇರುವುದೇ ಗಾಡಿಯ ಮಾರ್ಪಾಡಿನ ಬಗ್ಗೆ.)

ಆಮೇಲೆ ಗಾಡಿ ರಿಂಗ್ ರೋಡಿನಲ್ಲಿ ಒಂದು ಗೆರೆಯಲ್ಲಿ ಹೋಗಲೊಲ್ಲದು. ಪಕ್ಕದಲ್ಲಿ ಲಾರಿ ದಾಟಿದರೆ ಅದರ ಗಾಳಿಗೇ ಸರಿಯುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ, ನಾವೇ ಎಳೆದು ತರಬೇಕು. ನೇರ ಹೋಗುವಾಗಲೂ ಸ್ಟೀರಿಂಗ್ ಚಕ್ರ ಓರೆ. ಇನ್ನು 60ರ ವೇಗದಲ್ಲಿ ಸೇತುವೆಯ ಜಾಯಿಂಟ್ ಮೇಲೆ ಹಾದರೆ ಮುಂದಿನ ಗಾಲಿಗಳು ಗದಗದ ನಡುಗಿ, ವೇಗ ಇಳಿಸುವ ತನಕ ನಿಲ್ಲುವುದಿಲ್ಲ. ಕಮಾನ್ ಮಿಸ್ತ್ರಿ ಅಂದರು, "ಡ್ಯಾಂಪರ್ ಹಾಕ್ರಿ ಅಣ್ಣಾರ, ಎಲ್ಲಾ ಸುಮ್ನಾಗ್ತದ." "ಸುಮ್ನೇನೋ ಆಗ್ತದ ಉಸ್ತಾದ್, ಆದ್ರ ಸಡಿಲ ಇದ್ದಲ್ಲೇ ಇರ್ತದಲ್ಲ" ಅಂದೆ. ನಕ್ಕರು.

ಎಲ್ಲಕ್ಕಿಂತ ಮೊದಲು ರಿಮ್ ತೊಳೆಯಿರಿ. ತಮಾಷೆ ಅಲ್ಲ. ಎರೆಮಣ್ಣು ರಿಮ್ಮಿನ ಒಳಬದಿಗೆ ಮೆತ್ತಿ ಒಣಗಿದರೆ ಕಲ್ಲಿನಂತಾಗುತ್ತದೆ. ಗಾಲಿಯ ತೂಕ ಒಂದು ಕಡೆ ಹೆಚ್ಚಾಗಿ ಸ್ಟೀರಿಂಗ್ ನಡುಗುತ್ತದೆ. ಹೊಲದಿಂದ ಬಂದ ಮರುದಿನ ನಡುಕ ಕಂಡರೆ ಪಾನಾ ಹಿಡಿಯುವ ಮೊದಲು ನೀರಿನ ಪೈಪು ಹಿಡಿಯಬೇಕು. ಟೈರಿನ ಗಾಳಿ, ವೀಲ್ ಬ್ಯಾಲೆನ್ಸಿಂಗ್ ಕೂಡ ಆಗಲೇ ನೋಡಿಬಿಡಿ.

ಸಡಿಲ ಹುಡುಕಲು ಇಬ್ಬರು ಬೇಕು. ಗಾಡಿ ನೆಲದ ಮೇಲೇ ನಿಂತಿರಲಿ, ಜಾಕ್ ಬೇಡ. ತಮ್ಮನನ್ನು ಒಳಗೆ ಕೂರಿಸಿ ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸಣ್ಣಗೆ ಅಲ್ಲಾಡಿಸು ಅಂದೆ. ನಾನು ಕೆಳಗೆ ಮಲಗಿ ಒಂದೊಂದೇ ಕೀಲಿನ ಮೇಲೆ ಕೈ ಇಟ್ಟು ನೋಡಿದೆ: ಪಿಟ್‌ಮನ್ ಆರ್ಮ್ (ಸ್ಟೀರಿಂಗ್ ಬಾಕ್ಸಿನಿಂದ ಹೊರಡುವ ತೋಳು), ಡ್ರ್ಯಾಗ್ ಲಿಂಕಿನ (ಆ ತೋಳಿನಿಂದ ಗಾಲಿಯ ಕಡೆ ಹೋಗುವ ರಾಡ್) ಎರಡು ತುದಿ, ಟೈ ರಾಡಿನ (ಎರಡು ಗಾಲಿಗಳನ್ನು ಒಂದಕ್ಕೊಂದು ಕಟ್ಟುವ ರಾಡ್) ಎರಡು ತುದಿ, ಸ್ಟೀರಿಂಗ್ ಬಾಕ್ಸ್ ಚಾಸಿಗೆ ಕೂಡುವ ಬೋಲ್ಟುಗಳು. ಕಣ್ಣಿಗೆ ಕಾಣದ ಆಟ (ಸಡಿಲ) ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ಒಂದು ಟೈ ರಾಡ್ ಎಂಡ್ ಕಟಕಟ ಅನ್ನುತ್ತಿತ್ತು, ಬದಲಿಸಿದೆ.

ಆದರೆ ಆ ಗದಗದ ನಡುಕದ ಮೂಲ ಇದ್ದದ್ದು ಕಿಂಗ್‌ಪಿನ್‌ನಲ್ಲಿ, ಅಂದರೆ ಮುಂದಿನ ಗಾಲಿ ಎಡ ಬಲಕ್ಕೆ ತಿರುಗುವ ಕೀಲಿನಲ್ಲಿ. ಗಾಲಿ ಜಾಕ್ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಆಟ ಕಾಣುತ್ತದೆ. ಅದು ವೀಲ್ ಬೇರಿಂಗಿನದೋ ಕಿಂಗ್‌ಪಿನ್ನಿನದೋ? ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಟ ಮಾಯವಾದರೆ ವೀಲ್ ಬೇರಿಂಗ್, ಉಳಿದರೆ ಕಿಂಗ್‌ಪಿನ್. ಬ್ರೇಕ್ ಹಿಡಿದಾಗ ಹಬ್ (ಗಾಲಿಯ ನಡುಭಾಗ) ಮತ್ತು ನಕಲ್ (ಕಿಂಗ್‌ಪಿನ್ ಮೇಲೆ ತಿರುಗುವ ಭಾಗ) ಒಂದಾಗುತ್ತವೆ, ಅಷ್ಟೇ ಗುಟ್ಟು. ನನ್ನದರಲ್ಲಿ ಎಡಗಡೆ ಆಟ ಉಳಿಯಿತು. ನಕಲ್ ಬಿಚ್ಚಿದರೆ ಫೆಲ್ಟ್ ಸೀಲ್ ಹರಿದಿತ್ತು, ಒಳಗೆ ಗ್ರೀಸೂ ಎರೆಮಣ್ಣೂ ಕಲಸಿ ಬೂದು ಬಣ್ಣದ ರಾಡಿ. ಬೇರಿಂಗ್ ರೋಲರುಗಳ ಮೇಲೆ ತುಕ್ಕಿನ ಗೆರೆ ಎದ್ದಿತ್ತು. ಎರಡೂ ಕಡೆ ಹೊಸ ಬೇರಿಂಗ್, ಹೊಸ ಸೀಲ್ ಹಾಕಿ, ಶಿಮ್ (ತೆಳು ಲೋಹದ ಪಟ್ಟಿ) ಕಡಿಮೆ ಮಾಡಿ, ನಕಲ್ ಕೈಗೆ ಸ್ವಲ್ಪ ಬಿಗಿ ಅನ್ನಿಸುವಷ್ಟಕ್ಕೆ ತಂದೆ. ಸ್ಪ್ರಿಂಗ್ ತಕ್ಕಡಿಯಲ್ಲಿ ಎಳೆದು ಎರಡೂ ಕಡೆ ಒಂದೇ ಬಿಗಿ ಇದೆಯಾ ನೋಡಿದೆ. ನಡುಕ ಅಲ್ಲಿಗೆ ನಿಂತಿತು. ಡ್ಯಾಂಪರ್ ಹಾಕಿದ್ದರೆ ಈ ರಾಡಿ ಕಾಣುತ್ತಲೇ ಇರಲಿಲ್ಲ.

ಈಗ ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುತ್ತದಲ್ಲ, ಕೈ ಬಿಟ್ಟರೂ ಗಾಲಿ ನೇರ ಹೋಗಲು ಅದೂ ಒಂದು ಕಾರಣ. ಜಿಪ್ಸಿಯಲ್ಲಿ ಆ ಓರೆ ಸುಮಾರು 3.5 ಡಿಗ್ರಿ, ಕಿಂಗ್‌ಪಿನ್ನಿನ ತಲೆ ಹಿಂದಕ್ಕೆ ವಾಲಿರುತ್ತದೆ. ಮುಂದಿನ ಕಮಾನಿನ ಶಾಕಲ್ ಇರುವುದು ಮುಂದಿನ ತುದಿಯಲ್ಲಿ. ಶಾಕಲ್ ಉದ್ದವಾದರೆ ಆ ತುದಿ ಕೆಳಗಿಳಿದು, ಆಕ್ಸೆಲ್ ಮುಂದಕ್ಕೆ ಮಗುಚಿ, ಓರೆ ಕಡಿಮೆಯಾಗುತ್ತದೆ. ಕಮಾನ್ ಮೂರಡಿ ಇದೆ ಅಂದುಕೊಂಡರೆ ಎರಡು ಇಂಚಿಗೆ ಸುಮಾರು 3 ಡಿಗ್ರಿ ಹೋಯಿತು. ಅಂದರೆ ಉಳಿದದ್ದು ಸೊನ್ನೆಯ ಹತ್ತಿರ. ಸ್ಟೀರಿಂಗ್ ವಾಪಸ್ ಬಾರದಿರಲು, ಗಾಡಿ ತೇಲಲು ಇದೇ ಕಾರಣ. ಅಲೈನ್‌ಮೆಂಟ್ ಅಂಗಡಿಯ ಹುಡುಗ ಪರದೆಯ ಮೇಲಿನ ಕೆಂಪು ಅಂಕಿ ತೋರಿಸಿ "ಇದ್ರಾಗ ಅಡ್ಜಸ್ಟ್ ಇಲ್ರಿ, ಟೋ ಒಂದೇ ಮಾಡ್ಲಾಕ ಬರ್ತದ" ಅಂದ. ಅವನು ಹೇಳಿದ್ದು ಸರಿ. ಗಟ್ಟಿ ಆಕ್ಸೆಲ್‌ನಲ್ಲಿ ಕ್ಯಾಸ್ಟರ್ ತಿರುಗಿಸಲು ಬೋಲ್ಟೇ ಇರುವುದಿಲ್ಲ.

ಅದಕ್ಕೆ ಮದ್ದು ಆಕ್ಸೆಲ್ಲಿಗೂ ಕಮಾನಿಗೂ ನಡುವೆ ಇಡುವ ಉಕ್ಕಿನ ಬೆಣೆ. ಲಿಫ್ಟ್ ಮಾಡುವ ಮೊದಲೇ ಕಿಂಗ್‌ಪಿನ್ ಮೇಲಿನ ಮುಚ್ಚಳದ ಸಪಾಟು ಜಾಗದಲ್ಲಿ ಡಿಜಿಟಲ್ ಆ್ಯಂಗಲ್ ಗೇಜ್ ಇಟ್ಟು, ಬಂದ ಅಂಕಿ ಬರೆದಿಟ್ಟಿದ್ದೆ. ಆಮೇಲೆ ಅದೇ ಜಾಗದಲ್ಲಿ ಇಟ್ಟು ವ್ಯತ್ಯಾಸ ನೋಡಿದೆ. ನಮಗೆ ಬೇಕಾದದ್ದು ಆ ವ್ಯತ್ಯಾಸವೇ. ಕಪನೂರ ಕೈಗಾರಿಕಾ ಪ್ರದೇಶದ ಒಂದು ಲೇತ್ ಅಂಗಡಿಯಲ್ಲಿ 3 ಡಿಗ್ರಿಯ ಬೆಣೆ ಜೋಡಿ ಮಾಡಿಸಿದೆ. ಅಲ್ಯೂಮಿನಿಯಂ ಬೇಡ, ಭಾರಕ್ಕೆ ನಜ್ಜಿ, ಆಕ್ಸೆಲ್ಲನ್ನು ಕಮಾನಿಗೆ ಬಿಗಿದಿರುವ ಯು-ಬೋಲ್ಟ್ ಸಡಿಲಾಗುತ್ತದೆ. ಜಿಪ್ಸಿಯಲ್ಲಿ ಆಕ್ಸೆಲ್ ಕಮಾನಿನ ಮೇಲೆ ಕೂತಿರುತ್ತದೆ. ಹಾಗಾಗಿ ಬೆಣೆಯ ದಪ್ಪ ಬದಿ ಮುಂದಕ್ಕೆ ಬರಬೇಕು. ಆಕ್ಸೆಲ್ ಕಮಾನಿನ ಕೆಳಗಿರುವ ಗಾಡಿಗಳಲ್ಲಿ ಇದು ಉಲ್ಟಾ. ಸೆಂಟರ್ ಬೋಲ್ಟ್ (ಕಮಾನ್ ಪಟ್ಟಿಗಳ ನಡುವೆ ತೂರುವ ಬೋಲ್ಟು), ಯು-ಬೋಲ್ಟ್ ಎರಡೂ ಉದ್ದದ್ದು ಬೇಕಾಗುತ್ತವೆ. ಹಳೇ ನಟ್ ಮತ್ತೆ ಹಾಕಬೇಡಿ.

ಬಿಗಿ ಮಾಡಿದ ಮೇಲೆ ಎರಡು ಅಳತೆ ನೋಡಿದೆ. ಎಡ ಬಲ ಗಾಡಿಯ ಎತ್ತರ ಒಂದೇ ಇದೆಯಾ, ಮುಂದಿನ ಹಬ್ಬಿನಿಂದ ಹಿಂದಿನ ಹಬ್ಬಿಗೆ ಎರಡೂ ಕಡೆ ಅಂತರ ಒಂದೇ ಇದೆಯಾ. ಕೈಯಲ್ಲಿ ಬಾಗಿಸಿದ ಕಮಾನ್ ಜೋಡಿ ಸಮ ಬರುವುದು ಅಪರೂಪ. ಸಮ ಇಲ್ಲದಿದ್ದರೆ ಗಾಡಿ ಒಂದೇ ಕಡೆ ಎಳೆಯುತ್ತದೆ, ಅದಕ್ಕೆ ಯಾವ ಅಲೈನ್‌ಮೆಂಟೂ ಉತ್ತರವಲ್ಲ.

ಟೋ ಮನೆಯಲ್ಲೇ ಮಾಡಿದೆ. ನಮ್ಮ ಮನೆ ಮುಂದೆ ಶಹಾಬಾದಿ ಕಲ್ಲಿನ ಹಾಸು ಇದೆ. ಟ್ಯೂಬ್ ಲೆವೆಲ್ ಹಿಡಿದು ಸಮ ಇರುವ ಜಾಗ ಆರಿಸಿಕೊಂಡೆ. ಗಾಲಿ ಜಾಕ್ ಮೇಲೆ ತಿರುಗಿಸುತ್ತಾ ಟೈರಿನ ನಡುವೆ ಮೊಳೆ ಹಿಡಿದರೆ ಸುತ್ತಲೂ ಒಂದು ಸಣ್ಣ ಗೆರೆ ಬೀಳುತ್ತದೆ. ಪಾಲಿಶ್ ಮಾಡಿದ ಶಹಾಬಾದಿ ತುಂಡು ಎರಡೆರಡು, ನಡುವೆ ಗ್ರೀಸ್ ಬಳಿದು, ಪ್ರತಿ ಗಾಲಿಯ ಕೆಳಗಿಟ್ಟು ಜಾಕ್ ಇಳಿಸಿದೆ. ಮೇಲಿನ ಕಲ್ಲು ಕೆಳಗಿನದರ ಮೇಲೆ ಜಾರಿ ಟೈರು ತನ್ನ ಜಾಗಕ್ಕೆ ತಾನೇ ಕೂರುತ್ತದೆ, ಇಲ್ಲದಿದ್ದರೆ ನೆಲ ಕಚ್ಚಿ ಸುಳ್ಳು ಅಳತೆ ಕೊಡುತ್ತದೆ. ಆ ಗೆರೆಗೆ ಹಬ್ಬಿನ ಎತ್ತರದಲ್ಲಿ ತೂಗುಗುಂಡು ಹಿಡಿದು, ಪ್ರತಿ ಟೈರಿನ ಮುಂದೊಂದು ಹಿಂದೊಂದು ನೆಲದ ಮೇಲೆ ಪೆನ್ಸಿಲ್ ಗುರುತು ಮಾಡಿ, ಎಡ ಬಲ ಗುರುತುಗಳ ನಡುವೆ ಟೇಪ್ ಹಿಡಿದೆ. ಮುಂದಿನ ಅಂತರ ಹಿಂದಿನದಕ್ಕಿಂತ 2ರಿಂದ 6 ಮಿ.ಮೀ. ಕಡಿಮೆ ಇರಬೇಕು. ನಾನು 3ಕ್ಕೆ ನಿಲ್ಲಿಸಿದೆ.

ಇನ್ನು ಓರೆ ಸ್ಟೀರಿಂಗ್. ಗಾಡಿ ಮೇಲೆದ್ದಾಗ ಡ್ರ್ಯಾಗ್ ಲಿಂಕ್ ಇಳಿಜಾರಾಗಿ, ಅಡ್ಡಕ್ಕೆ ಗಿಡ್ಡವಾದಂತೆ ಆಗುತ್ತದೆ. ಅದಕ್ಕೇ ಚಕ್ರ ಓರೆ. ಸ್ಟೀರಿಂಗ್ ಚಕ್ರ ಕಿತ್ತು ನೇರ ಕೂರಿಸಿಕೊಡ್ತೀವಿ ಅನ್ನುವವರಿಗೆ ಬೇಡ ಅನ್ನಿ. ಸ್ಟೀರಿಂಗ್ ಬಾಕ್ಸ್ ನಡುವಿನಲ್ಲಿ ಮಾತ್ರ ಬಿಗಿ ಇರುತ್ತದೆ, ಪಕ್ಕದಲ್ಲಿ ಆಟ ಜಾಸ್ತಿ. ಚಕ್ರ ಕಿತ್ತು ಕೂರಿಸಿದರೆ ನೋಡಲಿಕ್ಕೆ ನೇರ, ಬಾಕ್ಸ್ ಮಾತ್ರ ನಡುವಿನಿಂದ ಆಚೆ. ಆ ತುದಿಯಿಂದ ಈ ತುದಿಗೆ ಎಷ್ಟು ಸುತ್ತು ಬರುತ್ತದೆ ಎಣಿಸಿ, ಅರ್ಧಕ್ಕೆ ತಂದು ನಿಲ್ಲಿಸಿ. ಆಮೇಲೆ ಡ್ರ್ಯಾಗ್ ಲಿಂಕಿನ ಲಾಕ್ ನಟ್ ಸಡಿಲಿಸಿ, ಗಾಲಿ ನೇರವಾಗುವ ತನಕ ರಾಡ್ ತಿರುಗಿಸಿ.

ಬೆಣೆಯಿಂದ ಒಂದು ಹೊಸ ತಕರಾರೂ ಬಂತು. ಕ್ಯಾಸ್ಟರ್ ವಾಪಸ್ ತಂದಾಗ ಡಿಫರೆನ್ಷಿಯಲ್ಲಿನ ಮೂತಿ ಕೆಳಗಿಳಿದು ಮುಂದಿನ ಪ್ರೊಪೆಲ್ಲರ್ ಶಾಫ್ಟಿನ (ಮುಂದಿನ ಆಕ್ಸೆಲ್ಲಿಗೆ ಎಂಜಿನ್ ಶಕ್ತಿ ಒಯ್ಯುವ ದಂಡ) ಕೋನ ಜಾಸ್ತಿಯಾಯಿತು. ಫೋರ್ ವೀಲ್ ಹಾಕಿ ವೇಗ ಏರಿಸಿದರೆ ಕೆಳಗಿನಿಂದ ಗುಂಯ್ ಅನ್ನುತ್ತದೆ. ಕೆಸರಿನಲ್ಲಿ ಯಾರು ವೇಗ ಹೊಡೀತಾರೆ, ನಾನು ಹಾಗೇ ಬಿಟ್ಟೆ. ಇದಕ್ಕಿಂತ ಜಾಸ್ತಿ ಎತ್ತರ ಬೇಕೆನ್ನುವವರು ಬೆಣೆಯನ್ನೇ ನಂಬಬಾರದು. ಅವರಿಗೆ ಡ್ರ್ಯಾಗ್ ಲಿಂಕ್, ಶಾಫ್ಟ್, ಬ್ರೇಕ್ ಹೋಸ್ ಎಲ್ಲಾ ಬದಲಾಗಬೇಕು. ಹೋಸ್ ಅಂತೂ ಗಾಲಿ ಪೂರ್ತಿ ಕೆಳಗೆ ಜೋತುಬಿದ್ದಾಗ ಎಳೆದುಕೊಳ್ಳುತ್ತದಾ ಅಂತ ಎಷ್ಟೇ ಸಣ್ಣ ಲಿಫ್ಟಿಗೂ ನೋಡಲೇಬೇಕು. ಯು-ಬೋಲ್ಟುಗಳನ್ನು ಸ್ವಲ್ಪ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ. ನಾನು ಮಾಡುವಾಗ ಒಂದೊಂದು ನಟ್ಟೂ ಇನ್ನೂ ಕಾಲು ಸುತ್ತು ತಿರುಗಿತು.