‘ಇನ್‌ಫ್ಯೂರಿಯೇಟ್’ ಪದವನ್ನು ನಾನು ಪಳಗಿಸಿಕೊಂಡ ಬಗೆ

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವಾಗ ಸಿಟ್ಟಿನ ಕ್ರಿಯಾಪದಗಳು ಎದುರಾದರೆ ನನ್ನ ವೇಗ ತಾನಾಗಿ ಕುಗ್ಗುತ್ತದೆ. ಅದರಲ್ಲೂ ‘ಇನ್‌ಫ್ಯೂರಿಯೇಟ್’. ‘ಕೋಪಗೊಳಿಸು’ ಎಂದು ಬರೆದು ಮುಂದೆ ಹೋಗಬಹುದು. ಆದರೆ ಹಾಗೆ ಬರೆದ ವಾಕ್ಯ ಕಚೇರಿಯ ಸುತ್ತೋಲೆಯಂತೆ ಕೇಳಿಸುತ್ತದೆ, ಸಿಟ್ಟಿನ ಕಾವು ಎಲ್ಲಿಯೂ ಇರುವುದಿಲ್ಲ.

ನಾನು ಮೊದಲು ಬಗೆಹರಿಸಿಕೊಂಡದ್ದು ವ್ಯಾಕರಣವನ್ನು. ಕನ್ನಡದಲ್ಲಿ ಸಿಟ್ಟು ನಮಗೆ ಬರುತ್ತದೆ. ಬರುವುದು ಸಿಟ್ಟು, ನಾವು ಚತುರ್ಥಿ ವಿಭಕ್ತಿಯಲ್ಲಿ ಕುಳಿತು ಅದನ್ನು ಬರಮಾಡಿಕೊಳ್ಳುವವರು. ‘ಇನ್‌ಫ್ಯೂರಿಯೇಟ್’ ಬಂದ ಕಡೆ ಸಿಟ್ಟಿಗೆ ಕಾರಣವಾದದ್ದೇ ಕರ್ತೃ, ಸಿಟ್ಟಾದವರು ಕರ್ಮ. ನಮ್ಮಲ್ಲಿ ಕೆರಳು–ಕೆರಳಿಸು, ರೇಗು–ರೇಗಿಸು ಎಂಬ ಜೋಡಿಗಳಿವೆ. ಈ ಇಂಗ್ಲಿಷ್ ಪದಕ್ಕೆ ಜೋಡಿಯ ಎರಡನೆಯ ಅರ್ಧ ಮಾತ್ರ ಇದೆ. ಅದು ‘ಕೆರಳಿಸು’, ಎಂದೂ ‘ಕೆರಳು’ ಅಲ್ಲ. ಆದ್ದರಿಂದ ‘ನಾನು ಕೆರಳಿದೆ’ ಎನ್ನಲು ‘ಐ ಇನ್‌ಫ್ಯೂರಿಯೇಟೆಡ್’ ಎಂದರೆ ವಾಕ್ಯ ಅರ್ಧಕ್ಕೇ ನಿಂತು ‘ಯಾರನ್ನು?’ ಎಂದು ಕೇಳುತ್ತದೆ. ‘ಐ ವಾಸ್ ಇನ್‌ಫ್ಯೂರಿಯೇಟೆಡ್’ ಎನ್ನಬೇಕು. ಇಂಗ್ಲಿಷಿನಲ್ಲಿ ಬರೆಯಬೇಕಾದಾಗಲೂ ನಾನು ಇದೇ ‘ಯಾರನ್ನು?’ ಎಂಬ ಪ್ರಶ್ನೆ ಹಾಕಿ ನೋಡುತ್ತೇನೆ. ಉತ್ತರ ಸಿಗದಿದ್ದರೆ ವಾಕ್ಯ ತಪ್ಪು.

ಇನ್ನೊಂದು ವಿಷಯ ನಿಧಾನವಾಗಿ ಗಮನಕ್ಕೆ ಬಂತು. ಈ ಪದದ ಕರ್ತೃ ಮನುಷ್ಯನೇ ಆಗಬೇಕಿಲ್ಲ, ಉದ್ದೇಶವೂ ಬೇಕಿಲ್ಲ. ವಿಳಂಬ, ಮೌನ, ಒಂದು ಸಣ್ಣ ನಗು ಸಾಕು. ‘ಪ್ರವೋಕ್’ ಎಂದಾಗ ಬೇಕೆಂದೇ ಕೆಣಕಿದ ವಾಸನೆ ಬರುತ್ತದೆ, ಇಲ್ಲಿ ಅದು ಕಡ್ಡಾಯವಲ್ಲ. ‘ಅವಳ ಮೌನ ಅವನನ್ನು ಕೆರಳಿಸಿತು’ ಎಂಬುದು ತಪ್ಪಲ್ಲ. ಆದರೂ ನಾನು ‘ಅವಳು ಸುಮ್ಮನಿದ್ದುದನ್ನು ಕಂಡು ಅವನ ಮೈಯೆಲ್ಲ ಉರಿದುಹೋಯಿತು’ ಎಂದು ಬಿಡಿಸಿ ಬರೆಯುತ್ತೇನೆ. ಕರ್ತೃ ಬದಲಾಯಿತು, ನಿಜ. ಕನ್ನಡದ ಓದುಗರಿಗೆ ಸಿಟ್ಟು ತಾಗುವುದು ಹಾಗೆ.

ಉರಿಯ ಮಾತು ಬಂದದ್ದರಿಂದ ಹೇಳುತ್ತೇನೆ: ಸಿಟ್ಟಿಗೆಬ್ಬಿಸು ಎಂಬ ಅರ್ಥದ್ದೇ ಆದ ‘ಇನ್ಸೆನ್ಸ್’ ಎಂಬ ಇನ್ನೊಂದು ಇಂಗ್ಲಿಷ್ ಕ್ರಿಯಾಪದದ ಲ್ಯಾಟಿನ್ ಮೂಲಕ್ಕೆ ಬೆಂಕಿ ಹಚ್ಚು ಎಂದೇ ಅರ್ಥ, ಧೂಪ ಎಂಬ ಅರ್ಥದ ನಾಮಪದವೂ ಅಲ್ಲಿಂದಲೇ ಹುಟ್ಟಿದ್ದು. ಧೂಪವಾದರೆ ಒತ್ತು ಮೊದಲ ಅಕ್ಷರದ ಮೇಲೆ, ಸಿಟ್ಟಾದರೆ ಎರಡನೆಯದರ ಮೇಲೆ. ‘ಇನ್‌ಫ್ಯೂರಿಯೇಟ್’ ಬಂದದ್ದು ಉನ್ಮಾದದ ಕೋಪವನ್ನು ಸೂಚಿಸುವ ‘ಫ್ಯೂರಿಯಾ’ ಎಂಬ ಲ್ಯಾಟಿನ್ ಪದದಿಂದ, 17ನೇ ಶತಮಾನದಲ್ಲಿ. ಹೀಗಾಗಿ ಕಿರಿಕಿರಿ ಮಾಡುವ ‘ಅನಾಯ್’, ತಾಳ್ಮೆ ಸವೆಸುವ ‘ಎಕ್ಸಾಸ್ಪರೇಟ್’ ಎರಡಕ್ಕಿಂತಲೂ ಇದರ ಮೆಟ್ಟಿಲು ಮೇಲಿನದು.

ನಾನು ದೂರವಿಟ್ಟ ಪದ ‘ರೇಗಿಸು’. ಇಂದಿನ ಕನ್ನಡದಲ್ಲಿ ಅದು ಬಹುಮಟ್ಟಿಗೆ ಛೇಡಿಸು ಎಂಬಲ್ಲಿಗೆ ಬಂದು ನಿಂತಿದೆ. ಅಕ್ಕ ತಮ್ಮನನ್ನು ರೇಗಿಸುತ್ತಾಳೆ, ಅದರಲ್ಲಿ ಪ್ರೀತಿಯೂ ಇರುತ್ತದೆ. ಗುಂಪು ಕೆರಳಿದ ಸುದ್ದಿಯಾದರೆ ‘ರೊಚ್ಚಿಗೆಬ್ಬಿಸು’ ಇದೆ, ಪತ್ರಿಕೆಗಳು ಪಳಗಿಸಿಕೊಂಡ ಗಟ್ಟಿ ಪದ. ಆದರೆ ಒಬ್ಬಳೇ ಕೋಣೆಯಲ್ಲಿ ಪತ್ರ ಓದಿ ಸಿಟ್ಟಾದರೆ ಅವಳು ರೊಚ್ಚಿಗೆದ್ದಳು ಎಂದು ಬರೆಯಲು ನನಗೆ ಕೈ ಬರುವುದಿಲ್ಲ.

ಹೆಚ್ಚು ಕಾಡಿಸುವುದು ‘ಇನ್‌ಫ್ಯೂರಿಯೇಟಿಂಗ್’ ಎಂಬ ವಿಶೇಷಣ. ಮಾತಿನಲ್ಲಿ ಇದನ್ನು ಧಾರಾಳವಾಗಿ ಉತ್ಪ್ರೇಕ್ಷೆಗೆ ಬಳಸುತ್ತಾರೆ. ಪೆನ್ನಿನ ತುದಿ ಕಚ್ಚುವ ಅಭ್ಯಾಸವೂ ಅವರಿಗೆ ‘ಇನ್‌ಫ್ಯೂರಿಯೇಟಿಂಗ್’. ಅಲ್ಲಿ ‘ಕ್ರೋಧ ಉಕ್ಕಿಸುವ ಅಭ್ಯಾಸ’ ಎಂದರೆ ನಗೆಪಾಟಲು. ‘ಮೈ ಪರಚಿಕೊಳ್ಳಬೇಕೆನಿಸುವ ಚಾಳಿ’ ಎಂದರೆ ಸರಿಹೋಗುತ್ತದೆ. ಇದರ ಕ್ರಿಯಾವಿಶೇಷಣ ಬಂದಾಗ, ಅಂದರೆ ಯಾರೋ ‘ಇನ್‌ಫ್ಯೂರಿಯೇಟಿಂಗ್ಲಿ’ ಶಾಂತವಾಗಿದ್ದಾರೆ ಎಂದಿದ್ದಾಗ, ಒಂದೇ ಪದಕ್ಕಾಗಿ ಹುಡುಕುವುದನ್ನು ನಾನು ಬಿಟ್ಟಿದ್ದೇನೆ. ‘ನೋಡುವವರಿಗೆ ಸಿಟ್ಟು ಬರುವಷ್ಟು ಶಾಂತವಾಗಿದ್ದ’ ಎಂದು ಬರೆಯುತ್ತೇನೆ. ವಾಕ್ಯ ಕೊಂಚ ಉದ್ದವಾಗುತ್ತದೆ, ಅಷ್ಟೇ.