ಗಿಣ್ಣ ಮಾಡೋದು ಹೇಗೆ, ಲ್ಯಾಕ್ಟೋಫೆರಿನ್ ಗತಿ ಏನು?

ಧಾರವಾಡದ ಸುತ್ತಮುತ್ತ ಎಮ್ಮೆ ಈದ ಮನೆಯಿಂದ ಗಿಣ್ಣದ ಹಾಲು ಬಂದರೆ ಈಗ ಜೊತೆಗೊಂದು ಪ್ರಶ್ನೆಯೂ ಬರುತ್ತದೆ: ಇದರಲ್ಲಿ ಲ್ಯಾಕ್ಟೋಫೆರಿನ್ ಅನ್ನೋ ಪ್ರೋಟೀನ್ ಜಾಸ್ತಿಯಂತೆ, ಹಸಿಯಾಗಿ ಕುಡಿದರೆ ಒಳ್ಳೇದಲ್ವಾ? ಬೇಡ. ಹಸಿ ಹಾಲಿನಿಂದ ಬ್ರುಸೆಲ್ಲೋಸಿಸ್‌ನಂಥ ಕಾಯಿಲೆ ಬರಬಹುದು.

ಹಾಲು ಒಡೆದಾಗ ಉಳಿಯುವ ತಿಳಿನೀರಿನಲ್ಲಿರುವ ವ್ಹೇ ಪ್ರೋಟೀನ್‌ಗಳಲ್ಲಿ ಲ್ಯಾಕ್ಟೋಫೆರಿನ್ ಒಂದು. ಕಬ್ಬಿಣ ಹಿಡಿಯೋದು ಇದರ ಕೆಲಸ, ಒಂದು ಅಣುವಿಗೆ ಎರಡು ಅಯಾನು. ಬ್ಯಾಕ್ಟೀರಿಯಾ ಬೆಳೆಯೋಕೆ ಕಬ್ಬಿಣ ಬೇಕು, ಇದು ಅದನ್ನು ಸಿಗದಂತೆ ಮಾಡುತ್ತದೆ. ನಮ್ಮ ಕಣ್ಣೀರು, ಜೊಲ್ಲಿನಲ್ಲೂ ಇದೆ. ಹಸುವಿನ ಮಾಮೂಲಿ ಹಾಲಲ್ಲಿ ಲೀಟರ್‌ಗೆ ಸಾಮಾನ್ಯವಾಗಿ ಕಾಲು ಗ್ರಾಂ ಕೂಡ ಇರಲ್ಲ, ಈದ ದಿನದ ಹಾಲಲ್ಲಿ ಅದರ ಹಲವು ಪಟ್ಟು.

ಆದರೆ ಮೊದಲ ಪಾಲು ಕರುವಿಗೆ. ರೋಗ ತಡೆಯುವ ಇಮ್ಯುನೋಗ್ಲೋಬ್ಯುಲಿನ್‌ಗಳನ್ನು ಅದರ ಕರುಳು ಇಡಿಯಾಗಿ ಹೀರಿಕೊಳ್ಳೋದು ಸುಮಾರು 24 ತಾಸು ಮಾತ್ರ, ಅದರಲ್ಲೂ ಮೊದಲ ಕೆಲವು ತಾಸೇ ಮುಖ್ಯ. ಗಿಣ್ಣದ ಆಸೆಗೆ ಕರುವನ್ನು ದೂರ ಕಟ್ಟಿ ಹಾಕೋದು ನನಗಂತೂ ಸರಿ ಕಾಣಲ್ಲ.

ಮಿಕ್ಕಿದ್ದರಲ್ಲಿ ಮಾಡಿ. ಮೊದಲ ಸಲ ಹಿಂಡಿದ ಹಾಲು ಒಂದು ಕಪ್‌ಗೆ ಮಾಮೂಲಿ ಹಾಲು ಎರಡು ಕಪ್, ಮರುದಿನದ್ದಾದರೆ ಸಮಸಮ. ಮುಕ್ಕಾಲು ಕಪ್ ಬೆಲ್ಲದ ಪುಡಿಯನ್ನು ತಣ್ಣಗಿರುವಾಗಲೇ ಕರಗಿಸಿ ಸೋಸಿ, ಯಾಕೆಂದರೆ ಬೆಲ್ಲದ ಮರಳು ಹಲ್ಲಿಗೆ ಸಿಕ್ಕರೆ ಇಡೀ ಗಿಣ್ಣ ಕೆಟ್ಟ ಹಾಗೇ. ಏಲಕ್ಕಿ ಹಾಕಿ, ಡಬ್ಬಿಗೆ ಸುರಿದು, ಮೇಲೆ ತಾಟು ಮುಚ್ಚಿ, ಇಡ್ಲಿ ಪಾತ್ರೆಯಲ್ಲಿ ಮಧ್ಯಮ ಉರಿಗೆ 20–25 ನಿಮಿಷ ಇಡಿ. ಚಾಕು ಚುಚ್ಚಿದರೆ ಹಾಲು ಅಂಟದೆ ಬರಬೇಕು. ಪೂರ್ತಿ ಆರಿದ ಮೇಲೆ ಕೊಯ್ಯಿರಿ. ನೇರ ಉರಿಗೆ ಇಟ್ಟಿರೋ, ಗಂಟುಗಂಟಾಗಿ ನೀರು ಬಿಡುತ್ತದೆ. ಹೆಪ್ಪು ಹಾಕದೇ ಇದು ಗಟ್ಟಿಯಾಗೋದೂ ವ್ಹೇ ಪ್ರೋಟೀನ್‌ಗಳಿಂದಲೇ: ಸುಮಾರು 70 ಡಿಗ್ರಿ ದಾಟಿದ ಮೇಲೆ ಅವು ಬಿಚ್ಚಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಲ್ಯಾಕ್ಟೋಫೆರಿನ್ ಕೂಡ ಹಾಗೆ ಬಿಚ್ಚಿಕೊಳ್ಳುತ್ತದೆ, ಕಬ್ಬಿಣ ಹಿಡಿಯುವ ಅದರ ಶಕ್ತಿ ಹೆಚ್ಚೂಕಡಿಮೆ ಹೋಗಿಬಿಡುತ್ತದೆ. ಉಳಿಯೋದು ಒಳ್ಳೆಯ ಪ್ರೋಟೀನ್ ಮತ್ತು ರುಚಿ, ಸಾಲದಾ?

ಮಾರುವ ಪುಡಿ, ಮಾತ್ರೆಗಳಿಗೆ ಲ್ಯಾಕ್ಟೋಫೆರಿನ್ ಅನ್ನು ಬಿಸಿ ಏರದಂತೆ ಹಾಲಿನಿಂದ ಬೇರ್ಪಡಿಸುತ್ತಾರೆ. ಕೆಲವು ಶಿಶು ಆಹಾರಗಳಿಗೂ ಸೇರಿಸುತ್ತಾರೆ. ಆದರೆ ದಿನ ತುಂಬದೆ ಹುಟ್ಟಿದ 2,200 ಶಿಶುಗಳಿಗೆ ಕೊಟ್ಟು ನೋಡಿದ ಬ್ರಿಟನ್ನಿನ ಅಧ್ಯಯನ 2019ರಲ್ಲಿ ಬಂತು. ಸೋಂಕು ಕಡಿಮೆಯಾಗಿರಲಿಲ್ಲ. ಹಾಗಾಗಿ ಜಾಹೀರಾತು ನೋಡಿ ಸುಮ್ನೆ ದುಡ್ಡು ಹಾಕಬೇಡಿ. ಹಾಲಿನ ಅಲರ್ಜಿ ಇದ್ದವರಂತೂ ಪುಡಿ, ಗಿಣ್ಣ ಎರಡನ್ನೂ ಮುಟ್ಟಬೇಡಿ.